ಮೀನಿಗೆ ಐಸು, ಚಾಲಕನಿಗೆ ಬೆವರು

ತಲಪಾಡಿಯಿಂದ ಕಾಲಿಕ್ಕಡವಿನ ತನಕ ನಮ್ಮ ಜಿಲ್ಲೆಯ ಉದ್ದಕ್ಕೂ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹಗಲಿರುಳೆನ್ನದೆ ಲಾರಿಗಳ ಓಡಾಟ. ಮಂಗಳೂರಿನಿಂದ ಅಡುಗೆ ಅನಿಲದ ಟ್ಯಾಂಕರುಗಳು, ಘಟ್ಟದ ಮೇಲಿನಿಂದ ತರಕಾರಿ, ದೂರದ ಉತ್ತರದಿಂದ ಈರುಳ್ಳಿ, ಬಂದರುಗಳಿಂದ ಮೀನು. ಮೀನಿನ ಲಾರಿಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು: ಹಿಂದೆ ಪೆಟ್ಟಿಗೆ ಪೆಟ್ಟಿಗೆಗೂ ಐಸು, ಮುಂದೆ ಚಾಲಕನ ಹೆಗಲಿನಲ್ಲಿ ಬೆವರೊರಸಲು ಒಂದು ಬೈರಾಸು. ಮಾಲು ಕೆಡಬಾರದು, ಮನುಷ್ಯ ಬೆಂದರೂ ಅಡ್ಡಿಯಿಲ್ಲ ಎಂಬ ಈ ಕ್ರಮ ಇಂದು ನಿನ್ನೆಯದಲ್ಲ. ಹವಾನಿಯಂತ್ರಣದ ಚರಿತ್ರೆಯೇ ಹೀಗೆ ಸಾಗಿಬಂದಿದೆ.

ಕಾಗದಕ್ಕೆ ಮೊದಲು, ಮನುಷ್ಯನಿಗೆ ಕೊನೆಗೆ

1902ರಲ್ಲಿ ಅಮೆರಿಕದ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕೆ ತೊಂದರೆಯೊಂದು ಎದುರಾಯಿತು. ಸೆಕೆಗಾಲದ ತೇವಕ್ಕೆ ಕಾಗದ ಹಿಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಗಾಳಿಯನ್ನು ತಣಿಸಿ ಅದರ ತೇವವನ್ನು ಹಿಂಡುವ ಯಂತ್ರವನ್ನು ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರ್ ರೂಪಿಸಿದರು. ಇಂದಿನ ಹವಾನಿಯಂತ್ರಣದ ಆರಂಭ ಅಲ್ಲಿ. ಅದು ಹುಟ್ಟಿದ್ದು ಮನುಷ್ಯನ ಸುಖಕ್ಕಲ್ಲ, ಕಾಗದದ ಸುಖಕ್ಕೆ!

ಲಾರಿಯ ಕಥೆಯೂ ಇದೇ. 1930ರ ದಶಕದ ಕೊನೆಯಲ್ಲಿ ಫ್ರೆಡರಿಕ್ ಮೆಕಿನ್ಲಿ ಜೋನ್ಸ್ ಎಂಬ, ಸ್ವಂತ ಪರಿಶ್ರಮದಿಂದಲೇ ಯಂತ್ರವಿದ್ಯೆ ಕಲಿತ ಆಫ್ರಿಕನ್ ಮೂಲದ ಅಮೆರಿಕನ್ನರು, ಓಡುವ ಲಾರಿಯ ಪೆಟ್ಟಿಗೆಯನ್ನು ತಂಪಾಗಿಡುವ ಯಂತ್ರವನ್ನು ಮಾಡಿದರು. ಮಾಂಸ, ಹಣ್ಣುಹಂಪಲುಗಳು ಸಾವಿರಾರು ಮೈಲಿ ಕೆಡದೆ ಹೋಗುವಂತಾಯಿತು. ಅದೇ ಸುಮಾರಿಗೆ, 1940ರ ಮಾದರಿಯಲ್ಲಿ, ಪ್ಯಾಕಾರ್ಡ್ ಕಂಪೆನಿ ಸಿರಿವಂತರ ಕಾರಿಗೂ ಎ.ಸಿ. ಕೊಟ್ಟಿತು. ಹೀಗೆ ಕಾಗದ ತಣಿಯಿತು, ಮಾಂಸ ತಣಿಯಿತು, ಧನಿಕರೂ ತಣಿದರು. ಲಾರಿ ಚಾಲಕನ ಸರದಿ ಬರಲು ನಮ್ಮ ದೇಶದಲ್ಲಿ ಎಂಬತ್ತು ವರ್ಷಕ್ಕೂ ಮಿಕ್ಕಿ ಬೇಕಾಯಿತು.

43ರಿಂದ 47 ಡಿಗ್ರಿ ಉಷ್ಣದಲ್ಲಿ ನಮ್ಮ ಚಾಲಕರು ಲಾರಿ ಓಡಿಸುತ್ತಾರೆಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರು 2023ರ ಜೂನ್‌ನಲ್ಲಿ ಹೇಳಿದರು. ಅದೇ ವರ್ಷ ಡಿಸೆಂಬರಿನಲ್ಲಿ ಅಧಿಸೂಚನೆ ಹೊರಬಿತ್ತು. 2025ರ ಅಕ್ಟೋಬರ್ 1ರಿಂದ ತಯಾರಾಗುವ, ಒಟ್ಟು ತೂಕ ಮೂರೂವರೆ ಟನ್ನಿಗೆ ಮೀರಿದ ಸರಕು ವಾಹನಗಳ ಚಾಲಕರ ಕ್ಯಾಬಿನಿಗೆ ಎ.ಸಿ. ಕಡ್ಡಾಯವೆಂದು ಅದು ವಿಧಿಸಿತು. ಸ್ವಾಗತಾರ್ಹ ಕ್ರಮವೇ ಸರಿ.

ಆದರೆ ‘ತಯಾರಾಗುವ’ ಎಂಬ ಶಬ್ದವನ್ನು ಓದುಗರು ಗಮನಿಸಬೇಕು. ಅದಕ್ಕೆ ಮೊದಲೇ ರಸ್ತೆಗಿಳಿದ ಲಾರಿಗಳಿಗೆ ಈ ನಿಯಮ ಅನ್ವಯಿಸದು. ನಮ್ಮ ಊರುಗಳಲ್ಲಿ ಕೆಂಪುಕಲ್ಲು, ಜಲ್ಲಿ, ಅಡಿಕೆ ಹೊರುವ ಲಾರಿಗಳು ಬಹುಮಟ್ಟಿಗೆ ಹಳೆಯವೇ. ಒಂದು ಕಾಲದಲ್ಲಿ ಸಾಮಾನು ಹೊತ್ತು, ಆಮೇಲೆ ನೀರಿನ ಟ್ಯಾಂಕರೋ ಮೀನಿನ ಪೆಟ್ಟಿಗೆ ಗಾಡಿಯೋ ಆಗಿ ವೇಷ ಬದಲಿಸಿದವುಗಳೂ ಇವೆ. ನಮ್ಮ ಶಾಲೆಗಳಲ್ಲಿ ಕಲಿತುಹೋದ ಎಷ್ಟೋ ಹುಡುಗರು ಸ್ಟೇರಿಂಗ್ ಹಿಡಿದಿರುವುದು ಇಂತಹ ಗಾಡಿಗಳಲ್ಲೇ. ಇವುಗಳಿಗೆ ಹೊಸದಾಗಿ ಎ.ಸಿ. ಕೂರಿಸಲು ಬಾರದೇ? ಬರುತ್ತದೆ. ಆದರೆ ಅದಕ್ಕೊಂದು ಕ್ರಮವಿದೆ. ಕ್ರಮ ತಪ್ಪಿದರೆ ಹಣ ಪೋಲಾಗುವುದಷ್ಟೇ ಅಲ್ಲ, ಪ್ರಾಣಕ್ಕೂ ಕುತ್ತು.

ಸೆಕೆಯ ಲೆಕ್ಕ

ನಮ್ಮ ಕರಾವಳಿಯ ತಾಪಮಾನ ಬಯಲುಸೀಮೆಯಷ್ಟು ಏರದು. ಇಲ್ಲಿನ ಬಾಧೆ ಸೆಕೆಯದ್ದು. ಒಂದು ಲೀಟರ್ ಬೆವರು ಆವಿಯಾಗುವಾಗ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಮೈ ತಣ್ಣಗಾಗುವುದು ಹೀಗೆ. ಗಾಳಿಯೇ ತೇವದಿಂದ ತುಂಬಿದ್ದರೆ ಬೆವರು ಆರದೆ ಹನಿಹನಿಯಾಗಿ ಇಳಿಯುತ್ತದೆ; ಮೈಯಿಂದ ನೀರು, ಉಪ್ಪು ಹೋದದ್ದೇ ಬಂತು, ತಂಪಾಗಲಿಲ್ಲ. ಆಗ ತಲೆಸುತ್ತು, ಮಂಪರು, ಎಚ್ಚರಗೇಡು. ಹತ್ತಾರು ಟನ್ ಭಾರವನ್ನು ಹಿಡಿದುಕೊಂಡು ಓಡುವವನಿಗೆ ಒಂದು ಕ್ಷಣದ ಮಂಪರು ಸಾಕು. ಅದರ ಫಲವನ್ನು ಉಣ್ಣುವವರಲ್ಲಿ ರಸ್ತೆ ಬದಿಯಲ್ಲಿ ನಡೆಯುವ ನಮ್ಮ ಶಾಲಾ ಮಕ್ಕಳೂ ಇರಬಹುದು.

ಬಳ್ಳಾರಿ, ರಾಯಚೂರಿನ ಒಣ ಹವೆಯಲ್ಲಿ ಉಪಯೋಗಕ್ಕೆ ಬರುವ ನೀರಿನ ಕೂಲರ್ ಇಲ್ಲಿ ಪ್ರಯೋಜನಕ್ಕೆ ಬಾರದಿರುವುದೂ ಇದೇ ಕಾರಣದಿಂದ. ಅದು ತೇವದ ಗಾಳಿಗೆ ಇನ್ನಷ್ಟು ತೇವ ಸೇರಿಸುತ್ತದೆ. ಇಲ್ಲಿ ಬೇಕಾದದ್ದು ತೇವವನ್ನು ಹಿಂಡಿ ತೆಗೆಯುವ ಯಂತ್ರ.

ಆದುದರಿಂದ ಕ್ಯಾಬಿನಿಗೆ ಶಾಖ ಎಲ್ಲೆಲ್ಲಿಂದ ಬರುತ್ತದೆಂದು ಮೊದಲು ತಿಳಿಯಬೇಕು. ಮೂತಿಯಿಲ್ಲದ ಲಾರಿಗಳಲ್ಲಿ ಎಂಜಿನ್ ಇರುವುದು ಚಾಲಕನ ಮಗ್ಗುಲಲ್ಲೇ, ಅಥವಾ ಸೀಟಿನ ಕೆಳಗೇ. ತಗಡಿನ ಮಾಡು ಬಿಸಿಲಿಗೆ ಕಾಯುತ್ತದೆ. ನಡುಹಗಲ ನೇರ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1,000 ವ್ಯಾಟ್ ಶಾಖ ಸುರಿಯುತ್ತದೆ; ಎದುರಿನ ದೊಡ್ಡ ಗಾಜಿನಿಂದ ಅದರ ಒಂದು ಪಾಲು ಒಳಗೆ ಬರುತ್ತದೆ. ಸುಮ್ಮನೆ ಕುಳಿತ ಒಬ್ಬ ಮನುಷ್ಯನೂ ಸುಮಾರು 100 ವ್ಯಾಟ್ ಶಾಖ ಹೊರಬಿಡುತ್ತಾನೆ. ಇವುಗಳ ಜೊತೆಗೆ ಗೇರು, ಪೆಡಲುಗಳ ಸುತ್ತಲಿನ ಸಂದುಗಳಿಂದ ನುಗ್ಗುವ ಬಿಸಿಗಾಳಿ.

ಮೊದಲು ತೂತು ಮುಚ್ಚಿ

ಹೀಗಿರುವಾಗ ನೇರವಾಗಿ ಎ.ಸಿ. ಕೂರಿಸಿದರೆ ತಳ ಒಡೆದ ಕೊಡಕ್ಕೆ ನೀರು ಹೊಯ್ದಂತೆ. ಮೊದಲು ಬಾಗಿಲಿನ ರಬ್ಬರ್ ಬೀಡಿಂಗ್ ಬದಲಾಯಿಸಿ, ನೆಲದ ತೂತುಗಳನ್ನೆಲ್ಲ ಮುಚ್ಚಬೇಕು. ಎಂಜಿನಿನ ಮುಚ್ಚಳಕ್ಕೂ ಮಾಡಿನ ಒಳಭಾಗಕ್ಕೂ ಬೆಂಕಿ ಹಿಡಿಯದ ಶಾಖನಿರೋಧಕ ಹಾಸು ಹೊದಿಸಬೇಕು. ಮಾಡಿಗೆ ಬಿಳಿ ಬಣ್ಣ ಬಳಿಯಬೇಕು. ಗಾಜಿಗೆ ಕಪ್ಪು ಹಾಳೆ ಅಂಟಿಸುವಂತಿಲ್ಲ. ಎದುರಿನ ಗಾಜಿನಲ್ಲಿ ಕನಿಷ್ಠ ನೂರಕ್ಕೆ 70, ಪಕ್ಕದ ಗಾಜಿನಲ್ಲಿ ನೂರಕ್ಕೆ 50ರಷ್ಟು ಬೆಳಕು ಹಾಯಬೇಕೆಂಬುದು ನಿಯಮ. ಇಷ್ಟು ಮಾಡಿದರೆ ಎ.ಸಿ. ಇಲ್ಲದೆಯೂ ಕ್ಯಾಬಿನಿನ ಬೇಗೆ ಸಾಕಷ್ಟು ತಗ್ಗುತ್ತದೆ. ದೊಡ್ಡ ಖರ್ಚಿಗೆ ಕೈಯಿಲ್ಲದ ಮಾಲಕರೂ ಇದನ್ನು ಮಾಡಬಹುದು.

ತೂತು ಮುಚ್ಚಲು ಇನ್ನೊಂದು ಗುರುತರ ಕಾರಣವಿದೆ. 2024ರ ಡಿಸೆಂಬರಿನಲ್ಲಿ ಕೋಝಿಕ್ಕೋಡ್ ಜಿಲ್ಲೆಯ ವಡಗರದಲ್ಲಿ, ಇದೇ ಹೆದ್ದಾರಿಯ ಬದಿಯಲ್ಲಿ ನಿಲ್ಲಿಸಿದ್ದ ಒಂದು ಕಾರವಾನಿನೊಳಗೆ ಇಬ್ಬರು ಸತ್ತುಬಿದ್ದಿದ್ದರು. ಎ.ಸಿ.ಗಾಗಿ ಓಡುತ್ತಿದ್ದ ಜನರೇಟರಿನ ಹೊಗೆಯಲ್ಲಿದ್ದ ಕಾರ್ಬನ್ ಮೊನಾಕ್ಸೈಡ್, ನೆಲದ ತೂತಿನ ಮೂಲಕ ಒಳಸೇರಿತ್ತೆಂದು ಪರೀಕ್ಷೆಯಿಂದ ತಿಳಿದುಬಂತು. ಈ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವನಿಗೆ ಎಚ್ಚರವೇ ಆಗದು. ಮಾರ್ಪಡಿಸಿದ ಗಾಡಿಗಳಲ್ಲಿ ಪೈಪು, ತಂತಿಗಳಿಗಾಗಿ ಕೊರೆದ ತೂತುಗಳು ಬಹಳ. ಹೊಗೆಕೊಳವೆಯನ್ನೂ ನೆಲವನ್ನೂ ಪರೀಕ್ಷಿಸದೆ ಎ.ಸಿ. ಹಾಕಿಸುವುದು ಸಲ್ಲದು, ಎಂಜಿನನ್ನೋ ಜನರೇಟರನ್ನೋ ಚಾಲೂ ಇಟ್ಟು ಒಳಗೆ ಮಲಗುವುದಂತೂ ಸರ್ವಥಾ ಕೂಡದು.

ಯಂತ್ರದ ಕೆಲಸ

ಅಂಗೈಗೆ ಸ್ಪಿರಿಟ್ ಸವರಿದರೆ ಅದು ಆರುವಾಗ ತಣ್ಣಗಾಗುವುದನ್ನು ಮಕ್ಕಳೂ ಬಲ್ಲರು. ಎ.ಸಿ.ಯ ಗುಟ್ಟೂ ಇಷ್ಟೇ. ಕ್ಯಾಬಿನಿನೊಳಗಿನ ಸುರುಳಿಯಲ್ಲಿ ದ್ರವವು ಆವಿಯಾಗಿ ಒಳಗಿನ ಶಾಖವನ್ನು ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಕಂಡೆನ್ಸರಿಗೆ ಕಳಿಸುತ್ತದೆ. ಅಲ್ಲಿ ಅದು ಶಾಖವನ್ನು ಹೊರಗಾಳಿಗೆ ಬಿಟ್ಟು ಮತ್ತೆ ದ್ರವವಾಗುತ್ತದೆ. ‘ಒಂದು ಟನ್’ ಎ.ಸಿ. ಎಂದರೆ ಸುಮಾರು 3,500 ವ್ಯಾಟ್ ಶಾಖವನ್ನು ಹೊರಹಾಕುವ ಶಕ್ತಿ. ಒಂದು ಟನ್ ಮಂಜುಗಡ್ಡೆ ಇಡೀ ದಿನದಲ್ಲಿ ಕರಗುವಾಗ ಎಷ್ಟು ತಂಪು ಕೊಡುತ್ತದೋ ಅಷ್ಟು. ಐಸಿನ ಲೆಕ್ಕ ಇಲ್ಲಿಯೂ ಬಂತು!

ಹಳೆಯ ಲಾರಿಗೆ ಎರಡು ದಾರಿ. ಒಂದು, ಎಂಜಿನಿನ ಬೆಲ್ಟಿನಿಂದ ಓಡುವ ಕಂಪ್ರೆಸರ್. ಇದರ ಶಕ್ತಿ ಹೆಚ್ಚು, ಆದರೆ ಅದನ್ನು ಕೂರಿಸಲು ಗಟ್ಟಿ ಬ್ರಾಕೆಟ್ ಬೇಕು, ಬೆಲ್ಟಿನ ಸಾಲು ಕೂದಲೆಳೆಯಷ್ಟೂ ಓರೆಯಾಗಬಾರದು. ಕಂಡೆನ್ಸರನ್ನು ರೇಡಿಯೇಟರಿನ ಮುಂದೆ ನಿಲ್ಲಿಸಿದರೆ ಎಂಜಿನ್ ಬಿಸಿಯೇರುವ ಭಯ. ಕ್ಯಾಬಿನಿನ ಹಿಂದೆ ಇಡೋಣವೆಂದರೆ ಟ್ಯಾಂಕು, ಪೆಟ್ಟಿಗೆಗಳು ಗಾಳಿ ತಡೆಯುತ್ತವೆ. ನಿಂತಲ್ಲೇ ಎಂಜಿನಿನಿಂದ ಪಂಪು ಓಡಿಸುವ ನೀರಿನ ಟ್ಯಾಂಕರಿಗೆ ಓಟದ ಗಾಳಿಯೂ ಸಿಗದು. ಆದುದರಿಂದ ಕಂಡೆನ್ಸರಿಗೆ ತನ್ನದೇ ವಿದ್ಯುತ್ ಫ್ಯಾನು ಇರಲೇಬೇಕು.

ಎರಡನೆಯದು, ಮಾಡಿನ ಮೇಲೆ ಕೂರುವ 24 ವೋಲ್ಟಿನ ವಿದ್ಯುತ್ ಎ.ಸಿ. ಎಂಜಿನ್ ನಿಲ್ಲಿಸಿ ಮಲಗುವವರಿಗೆ ಅನುಕೂಲ. ಆದರೆ ಲೆಕ್ಕ ಹಾಕಿ ನೋಡಬೇಕು. 400 ವ್ಯಾಟ್ ಎಳೆಯುವ ಯಂತ್ರವಾದರೆ 24 ವೋಲ್ಟಿನಲ್ಲಿ ಸುಮಾರು 17 ಆಂಪಿಯರ್. 150 ಆಂಪಿಯರ್-ಗಂಟೆಯ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ, ಅರ್ಧಕ್ಕಿಂತ ಕೆಳಗಿಳಿಸದೆ ಬಳಸಿದರೆ, ನಾಲ್ಕು ಗಂಟೆಗಿಂತ ತುಸು ಹೆಚ್ಚು ಹೊತ್ತು ಓಡೀತು. ಬ್ಯಾಟರಿ ಇಳಿದೊಡನೆ ತಾನಾಗಿ ನಿಲ್ಲುವ ಏರ್ಪಾಡು, ತಕ್ಕ ದಪ್ಪದ ತಂತಿ, ಬ್ಯಾಟರಿಯ ಬಳಿಯಲ್ಲೇ ಫ್ಯೂಸು, ಇವು ಮೂರೂ ಇಲ್ಲದಿದ್ದರೆ ಬೆಳಗ್ಗೆ ಗಾಡಿ ಸ್ಟಾರ್ಟ್ ಆಗದು. ಬೆಂಕಿ ಹತ್ತಿದರೂ ಆಶ್ಚರ್ಯವಿಲ್ಲ.

ಗ್ಯಾಸಿನ ವಿಷಯದಲ್ಲಿಯೂ ಎಚ್ಚರ ಬೇಕು. ಓಜೋನ್ ಪದರಕ್ಕೆ ಮಾರಕವಾದ ಹಳೆಯ ಆರ್-12 ಅನಿಲವನ್ನು 1987ರ ಮಾಂಟ್ರಿಯಲ್ ಒಪ್ಪಂದದ ತರುವಾಯ ಹಂತಹಂತವಾಗಿ ಕೈಬಿಡಲಾಯಿತು. ಅದರ ಜಾಗಕ್ಕೆ ಬಂದ ಆರ್-134ಎ ಓಜೋನಿಗೆ ಕೇಡು ಮಾಡದಿದ್ದರೂ, ತೂಕಕ್ಕೆ ತೂಕ ನೋಡಿದರೆ ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,300 ಪಟ್ಟು ಮೇಲು. ಸೋರಿಕೆ ಹುಡುಕದೆ ವರ್ಷ ವರ್ಷ ಗ್ಯಾಸು ತುಂಬಿಸುತ್ತ ಹೋಗುವುದು ಕಿಸೆಗೂ ನಷ್ಟ, ಊರಿಗೂ ನಷ್ಟ. ತುಂಬುವ ಮೊದಲು ವ್ಯಾಕ್ಯೂಮ್ ಪಂಪಿನಿಂದ ಪೈಪುಗಳೊಳಗಿನ ಗಾಳಿ, ತೇವವನ್ನೆಲ್ಲ ತೆಗೆಯುವ ಗ್ಯಾರೇಜನ್ನೇ ಆರಿಸಬೇಕು.

ಕಾನೂನಿನ ಮಾತು

ನೋಂದಣಿ ಪತ್ರದಲ್ಲಿರುವ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಾಯಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೇ ವಿಧಿ ಹೇಳುತ್ತದೆ. ಕೇರಳದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಆದುದರಿಂದ ಮಾಡು ಕೊರೆಯುವ, ಎತ್ತರ ಹೆಚ್ಚಿಸುವ ಕೆಲಸಕ್ಕೆ ಕೈಹಾಕುವ ಮುನ್ನ ಆರ್.ಟಿ. ಕಚೇರಿಯಲ್ಲೂ ವಿಮಾ ಕಂಪೆನಿಯಲ್ಲೂ ವಿಚಾರಿಸಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯುವುದು ಕ್ಷೇಮ.

ಡೀಸೆಲ್ ಹೆಚ್ಚು ಸುಡುತ್ತದೆಂದು ಮಾಲಕರು ಹೇಳುವುದು ಸುಳ್ಳಲ್ಲ. ಕಂಪ್ರೆಸರ್ ಪುಕ್ಕಟೆ ಓಡುವುದಿಲ್ಲ. ಆದರೆ ಟಯರು ಸವೆದರೆ ಬದಲಿಸುತ್ತೇವೆ, ಎಂಜಿನ್ ಕಾದರೆ ನಿಲ್ಲಿಸಿ ನೀರು ಹೊಯ್ಯುತ್ತೇವೆ. ಚಾಲಕ ಕಾದರೆ? ಸಾರಿಗೆ ಕಾರ್ಮಿಕರಿಗೆ ಸಾಮಾನ್ಯವಾಗಿ ದಿನಕ್ಕೆ ಎಂಟೇ ಗಂಟೆ ಕೆಲಸವೆಂದು 1961ರಲ್ಲೇ ಕಾಯಿದೆಯಾಗಿತ್ತು. ಅದು ಎಷ್ಟರಮಟ್ಟಿಗೆ ನಡೆಯಿತೆಂಬುದನ್ನು ದೂರದ ಲಾರಿಗಳ ಚಾಲಕರನ್ನೇ ಕೇಳಬೇಕು. ಹೆದ್ದಾರಿ ಅಗಲವಾದಾಗ ಬದಿಯ ಮರಗಳೂ ಹೋದವು. ಮೊದಲಿನಂತೆ ನೆರಳಿನಲ್ಲಿ ಗಾಡಿ ನಿಲ್ಲಿಸಿ ಕಣ್ಣು ಮುಚ್ಚುವ ಭಾಗ್ಯವೂ ಈಗ ಕಡಿಮೆ.

ಹೊಸ ಲಾರಿಗೆ ನಿಯಮ ಮಾಡಿದ ಸರಕಾರ ಹಳೆಯ ಲಾರಿಗೂ ಒಂದು ದಾರಿ ತೋರಿಸಲಿ. ಯಾವ ಬಗೆಯ ಜೋಡಣೆಗೆ ಒಪ್ಪಿಗೆಯಿದೆ ಎಂಬುದನ್ನು ಸ್ಪಷ್ಟವಾಗಿ ಪ್ರಕಟಿಸಿ, ಸಣ್ಣ ಮಾಲಕರಿಗೆ ಸಾಲದ ಸೌಕರ್ಯ ಒದಗಿಸಲಿ. ಮಾಲಕರು ಅದಕ್ಕಾಗಿ ಕಾಯುತ್ತ ಕೂರುವ ಅಗತ್ಯವಿಲ್ಲ. ರಬ್ಬರ್ ಬೀಡಿಂಗು, ಶಾಖನಿರೋಧಕ ಹಾಸು, ಬಿಳಿ ಬಣ್ಣ, ಸೋರದ ಹೊಗೆಕೊಳವೆ: ಇಷ್ಟನ್ನು ಬರುವ ಬೇಸಗೆಗೆ ಮೊದಲೇ ಯಾವ ಗ್ಯಾರೇಜಿನಲ್ಲೂ ಮಾಡಿಸಬಹುದು.