ವೈಮಾನಿಕನ ನಿವಾಸ ಮತ್ತು ಪ್ರವಾಸ

ಸಂಸ್ಕೃತದಲ್ಲಿ ‘ವಸ್’ ಎಂಬುದೊಂದು ಧಾತು. ವಾಸಮಾಡುವುದೆಂದು ಅದರ ಅರ್ಥ. ಅದಕ್ಕೆ ‘ನಿ’ ಎಂಬ ಉಪಸರ್ಗವು ಸೇರಿದರೆ ನಿವಾಸವಾಗುತ್ತದೆ, ‘ಪ್ರ’ ಸೇರಿದರೆ ಪ್ರವಾಸವಾಗುತ್ತದೆ. ಧಾತುವು ಒಂದೇ ಆದರೂ ಒಂದು ಮನೆಯಲ್ಲಿರುವುದು, ಮತ್ತೊಂದು ಮನೆಯನ್ನು ಬಿಟ್ಟಿರುವುದು. ಈ ಎರಡರ ನಡುವೆ ಸಿಕ್ಕಿಕೊಂಡ ಗೃಹಸ್ಥನ ಪಾಡನ್ನು ಕುರಿತು ಈ ಸಲ ವಾಚಕರೊಡನೆ ಎರಡು ಮಾತನಾಡಬೇಕೆಂದಿದ್ದೇವೆ. ಅದಕ್ಕೆ ಕಾರಣನಾದವನು ನಮ್ಮ ಹಳೆಯ ಶಿಷ್ಯನೊಬ್ಬನು.

ಆತನು ಅಮೆರಿಕಾ ದೇಶದಲ್ಲಿ ವೈಮಾನಿಕನಾಗಿದ್ದಾನೆ. ತಾಯಿತಂದೆಗಳನ್ನು ನೋಡಲು ಊರಿಗೆ ಬಂದವನು ನಮ್ಮ ಮನೆಗೂ ಬಂದು, ಜಗಲಿಯ ಮೇಲೆ ಕುಳಿತು, ಕಾಫಿಯ ಲೋಟವನ್ನು ಕೆಳಗಿಟ್ಟು, “ಮೇಷ್ಟ್ರೇ, ನನ್ನ ಸಂಸಾರ ಇರುವುದು ಪಿಟ್ಸ್‌ಬರ್ಗಿನಲ್ಲಿ. ಕೆಲಸಕ್ಕೆ ಹಾಜರಾಗಬೇಕಾದದ್ದು ನ್ಯೂಯಾರ್ಕಿನಲ್ಲಿ. ಮನೆಯನ್ನು ಅಲ್ಲಿಗೆ ಸಾಗಿಸಲೋ, ನಾನೇ ಹೋಗಿ ಬರುತ್ತಿರಲೋ, ತಿಳಿಯದಾಗಿದೆ” ಎಂದನು.

ನಮ್ಮಲ್ಲಿ ಸರ್ಕಾರೀ ನೌಕರನು ಕೇಂದ್ರಸ್ಥಾನದಲ್ಲಿಯೇ ವಾಸಿಸತಕ್ಕದ್ದೆಂದು ಆಜ್ಞೆಗಳಿರುವುದುಂಟು. ವೈಮಾನಿಕನಿಗೂ ಒಂದು ಕೇಂದ್ರಸ್ಥಾನವುಂಟು. ಅವರು ಅದನ್ನು ಬೇಸ್ ಎನ್ನುತ್ತಾರೆ. ಅವನ ಸರದಿಯು ಅಲ್ಲಿ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆ. ಆದರೆ ಅಲ್ಲಿಯೇ ವಾಸಿಸಬೇಕೆಂಬ ನಿರ್ಬಂಧವು ಅಮೆರಿಕಾದ ಕಾನೂನಿನಲ್ಲಿಲ್ಲ. ಯಾವ ಊರಿನಲ್ಲಾದರೂ ಮನೆಮಾಡಿಕೊಂಡು, ವಿಮಾನದಲ್ಲಿ ಖಾಲಿಯುಳಿದ ಸ್ಥಳದಲ್ಲಿಯೋ, ಚಾಲಕರ ಕೋಣೆಯಲ್ಲಿ ಜಂಪ್‌ಸೀಟ್ ಎಂಬ ಹೆಚ್ಚಿನ ಆಸನದಲ್ಲಿಯೋ ಕುಳಿತು ಕೆಲಸಕ್ಕೆ ಬರಬಹುದು. ಹೀಗೆ ಸಾವಿರ ಮೈಲಿಗಳಾಚೆಯಿಂದ ಬರುವವರೂ ಇದ್ದಾರೆ.

ಇದೆಂತಹ ಹುಚ್ಚು, ಕೆಲಸವಿದ್ದಲ್ಲಿ ಮನೆಮಾಡಬಾರದೇ ಎಂದು ವಾಚಕರು ಕೇಳಬಹುದು. ನಾವೂ ಹಾಗೆಯೇ ಕೇಳಿದೆವು. ಆತನು ಹೇಳಿದ ಕಾರಣಗಳು ತಳ್ಳಿಹಾಕತಕ್ಕವಲ್ಲ. ಯಾರಿಗೆ ಯಾವ ಕೇಂದ್ರಸ್ಥಾನವೆಂಬುದು ಸೇವೆಯ ಹಿರಿತನದಿಂದ ನಿರ್ಣಯವಾಗುತ್ತದೆ. ಹಿರಿಯರು ಬೇಡವೆಂದು ಬಿಟ್ಟದ್ದು ಕಿರಿಯರ ಪಾಲಿಗೆ ಬರುತ್ತದೆ. ನ್ಯೂಯಾರ್ಕಿನಂತಹ ನಗರದಲ್ಲಿ ಬಾಡಿಗೆಯೇ ಸಂಬಳದ ದೊಡ್ಡ ಪಾಲನ್ನು ನುಂಗುತ್ತದೆ. ಹೆಂಡತಿಯು ಪಿಟ್ಸ್‌ಬರ್ಗಿನ ಆಸ್ಪತ್ರೆಯೊಂದರಲ್ಲಿ ಕೆಲಸದಲ್ಲಿದ್ದಾಳೆ, ಮಕ್ಕಳು ಶಾಲೆಯಲ್ಲಿದ್ದಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಕೇಂದ್ರಸ್ಥಾನವೆಂಬುದು ಸ್ಥಿರವಲ್ಲ. ಪಿಟ್ಸ್‌ಬರ್ಗೇ ಒಂದು ಕಾಲದಲ್ಲಿ ಯು.ಎಸ್. ಏರ್‌ವೇಸ್ ಸಂಸ್ಥೆಯ ದೊಡ್ಡ ಕೇಂದ್ರವಾಗಿದ್ದಿತು. 2004ರಲ್ಲಿ ಸಂಸ್ಥೆಯು ಅಲ್ಲಿನ ಕೇಂದ್ರವನ್ನು ಕೈಬಿಟ್ಟಿತು. 2013ರಲ್ಲಿ ಡೆಲ್ಟಾ ಸಂಸ್ಥೆಯು ಮೆಂಫಿಸ್ ನಗರದ ಕೇಂದ್ರವನ್ನು ಮುಚ್ಚಿತು. ಕೇಂದ್ರವು ಸರಿದಾಗಲೆಲ್ಲ ಮನೆಯನ್ನೂ ಸರಿಸುತ್ತ ಹೋದರೆ ಮಕ್ಕಳಿಗೆ ಊರೆಂಬುದೇ ಇಲ್ಲವಾಗುತ್ತದೆ.

ಇನ್ನೊಂದು ಕಡೆಯ ಲೆಕ್ಕವನ್ನೂ ನೋಡಬೇಕಷ್ಟೆ. ನಾಲ್ಕು ದಿನಗಳ ಸರದಿಗೆ ದೂರದವನು ಹಿಂದಿನ ದಿನವೇ ಹೊರಡಬೇಕು; ಮುಗಿದ ದಿನ ಕೊನೆಯ ವಿಮಾನವು ತಪ್ಪಿದರೆ ಮರುದಿನ ಮನೆ ಸೇರಬೇಕು. ನಾಲ್ಕು ದಿನವು ಆರಾಗುತ್ತದೆ. ಹೆಚ್ಚಿನ ಎರಡಕ್ಕೆ ಸಂಬಳವಿಲ್ಲ. ಖಾಲಿ ಆಸನ ಸಿಕ್ಕೀತೆಂಬ ಭರವಸೆಯೂ ಇಲ್ಲವಾದ್ದರಿಂದ, ಒಂದು ವಿಮಾನವು ತಪ್ಪಿದರೆ ಮತ್ತೊಂದಿರುವಂತೆ ಮುಂಚಿತವಾಗಿ ಹೊರಡಬೇಕು. ಕರೆ ಬಂದ ಒಂದೆರಡು ಗಂಟೆಗಳಲ್ಲಿ ಹಾಜರಾಗಬೇಕಾದ ಕಾಯುವ ಸರದಿಯು ಕಿರಿಯರಿಗೆ ಹೆಚ್ಚು. ಊರಿನಲ್ಲಿರುವವನು ಅದನ್ನು ಮಕ್ಕಳೊಡನೆ ಮನೆಯಲ್ಲಿ ಕಳೆಯುತ್ತಾನೆ. ದೂರದವನು ಹತ್ತು ಮಂದಿ ಸೇರಿ ಬಾಡಿಗೆಗೆ ಹಿಡಿದ ಕೋಣೆಗಳಲ್ಲಿ, ಒಬ್ಬನೆದ್ದುಹೋದ ಹಾಸಿಗೆಯಲ್ಲಿ ಮಲಗಿ ಕಾಯುತ್ತಾನೆ. ಇಂತಹ ಬಿಡಾರಕ್ಕೆ ಅವರು ವಿನೋದವಾಗಿ ಕ್ರ್ಯಾಶ್‌ಪ್ಯಾಡ್ ಎಂದು ಹೆಸರಿಟ್ಟಿದ್ದಾರೆ.

ಇಷ್ಟೇ ಆಗಿದ್ದರೆ ಇದು ಒಂದು ಮನೆಯ ಲಾಭನಷ್ಟದ ಮಾತಾಗುತ್ತಿತ್ತು. ಅಷ್ಟೇ ಅಲ್ಲವೆಂಬುದನ್ನು 2009ನೆಯ ಇಸವಿ ಫೆಬ್ರವರಿ 12ರ ರಾತ್ರಿಯು ತೋರಿಸಿಕೊಟ್ಟಿತು. ಕೋಲ್ಗನ್ ಏರ್ ಸಂಸ್ಥೆಯ ವಿಮಾನವೊಂದು ನ್ಯೂಆರ್ಕ್‌ನಿಂದ ಹೊರಟು ಬಫಲೋ ನಗರದ ಸಮೀಪದಲ್ಲಿ ಒಂದು ಮನೆಯ ಮೇಲೆ ಬಿದ್ದಿತು. ಒಳಗಿದ್ದ 49 ಮಂದಿಯೂ, ಆ ಮನೆಯಲ್ಲಿದ್ದ ಒಬ್ಬರೂ ಮೃತರಾದರು. ವಿಚಾರಣೆಯಲ್ಲಿ ಹೊರಬಿದ್ದ ಸಂಗತಿಯೇನೆಂದರೆ, ಮುಖ್ಯ ಚಾಲಕನ ಮನೆಯು ಫ್ಲಾರಿಡಾದಲ್ಲಿದ್ದಿತು. ಹಿಂದಿನ ರಾತ್ರಿಯನ್ನು ಆತನು ವಿಮಾನ ನಿಲ್ದಾಣದ ಸಿಬ್ಬಂದಿಯ ಕೋಣೆಯಲ್ಲಿ ಕಳೆದಿದ್ದನು. ಸಹಚಾಲಕಿಯು ಸುಮಾರು 2,400 ಮೈಲಿ ದೂರದ ಸಿಯಾಟಲ್ ಕಡೆಯವಳು. ರಾತ್ರಿಯೆಲ್ಲ ಸರಕಿನ ವಿಮಾನಗಳಲ್ಲಿ ಮೆಂಫಿಸ್ ಮಾರ್ಗವಾಗಿ ಬಂದು ಬೆಳಗ್ಗೆ ಇಳಿದಿದ್ದಳು. ಆ ಕೇಂದ್ರದ 137 ವೈಮಾನಿಕರಲ್ಲಿ 93 ಮಂದಿ ಹೀಗೆ ಹೊರಗಿನಿಂದ ಬರುವವರಾಗಿದ್ದರು.

ವಿಮಾನದ ವೇಗವು ಕುಗ್ಗಿ, ಎಚ್ಚರಿಕೆಗಾಗಿ ಹಿಡಿಗೋಲು ಅದುರಿದಾಗ, ಮೂತಿಯನ್ನು ಕೆಳಕ್ಕೆ ಬಾಗಿಸಬೇಕಾದ ಚಾಲಕನು ಮೇಲಕ್ಕೆಳೆದನು. ಅದೇ ಅಪಘಾತಕ್ಕೆ ಕಾರಣವೆಂದು ತನಿಖಾ ಮಂಡಲಿಯು 2010ರಲ್ಲಿ ತೀರ್ಮಾನಿಸಿತು. ಆಯಾಸದಿಂದ ಇಬ್ಬರ ದಕ್ಷತೆಯೂ ಕುಂದಿರುವ ಸಂಭವವಿದೆ, ಆದರೆ ಎಷ್ಟರಮಟ್ಟಿಗೆಂದು ನಿಶ್ಚಯಿಸಲಾಗದು ಎಂದಿತು. ಮಂಡಲಿಯ ಅಧ್ಯಕ್ಷೆಯು ಮಾತ್ರ, ಆಯಾಸವನ್ನೂ ಕಾರಣಗಳಲ್ಲಿ ಸೇರಿಸಬೇಕೆಂದು ತಮ್ಮ ಅಭಿಪ್ರಾಯವನ್ನು ಪ್ರತ್ಯೇಕವಾಗಿ ಬರೆದಿಟ್ಟರು.

ಅನಂತರ ಅಲ್ಲಿನ ಶಾಸನಸಭೆಯ ಅಪ್ಪಣೆಯಂತೆ ವಿದ್ವಾಂಸರ ಸಮಿತಿಯೊಂದು ಈ ವಿಷಯವನ್ನು ಪರಿಶೀಲಿಸಿ 2011ರಲ್ಲಿ ವರದಿಯನ್ನೊಪ್ಪಿಸಿತು. ಇಷ್ಟು ಮೈಲಿಗಳೊಳಗೇ ವಾಸಿಸಬೇಕೆಂದು ಕಟ್ಟುಮಾಡಲು ಆ ಸಮಿತಿಯು ಒಪ್ಪಲಿಲ್ಲ. ಯಾತಕ್ಕೆಂದರೆ, ದೂರವೇ ಆಯಾಸವಲ್ಲ. ಐನೂರು ಮೈಲಿಯಿಂದ ಹಿಂದಿನ ಸಂಜೆ ಬಂದು ಚೆನ್ನಾಗಿ ಮಲಗಿ ಎದ್ದವನು, ಅದೇ ಊರಿನಲ್ಲಿದ್ದು ರಾತ್ರಿಯೆಲ್ಲ ಜಾಗರಣೆ ಮಾಡಿದವನಿಗಿಂತ ಮೇಲು. ಕೆಲಸಕ್ಕೆ ಮುಂಚೆ ಆರು ಗಂಟೆಗಳಾದರೂ ನಿದ್ರಿಸಬೇಕು. ಎದ್ದ ಗಳಿಗೆಯಿಂದ ಸರದಿಯ ಕೊನೆಯವರೆಗೆ ಸುಮಾರು ಹದಿನಾರು ಗಂಟೆಗಳನ್ನು ಮೀರಬಾರದು. ಹೀಗೆಂಬುದು ಅವರು ವೈಮಾನಿಕರಿಗೆ ಹೇಳಿದ ಹಿತವಚನ. 2014ರ ಜನವರಿ 4ರಿಂದ ಪ್ರಯಾಣಿಕರ ವಿಮಾನಗಳಿಗೆ ಹೊಸ ನಿಯಮಗಳು ಜಾರಿಗೆ ಬಂದವು. ಸರದಿಗೆ ಮುಂಚೆ 10 ಗಂಟೆಗಳ ವಿಶ್ರಾಂತಿಯೂ, ಅದರಲ್ಲಿ ಎಡೆಬಿಡದೆ 8 ಗಂಟೆ ನಿದ್ರಿಸುವ ಅವಕಾಶವೂ ಇರತಕ್ಕದ್ದು. ತಾನು ಕೆಲಸಕ್ಕೆ ಯೋಗ್ಯನಾಗಿದ್ದೇನೆಂದು ವೈಮಾನಿಕನು ದೃಢಪಡಿಸತಕ್ಕದ್ದು. ಅವಕಾಶವನ್ನು ಕಾನೂನು ಕೊಡಬಲ್ಲುದು. ಕಣ್ಣು ಮುಚ್ಚಬೇಕಾದವನು ಮಾತ್ರ ತಾನೇ.

ಇದನ್ನು ಹೇಳುವ ಅಧಿಕಾರವು ನಮಗೆ ಬಂದದ್ದು ನಮ್ಮ ತಪ್ಪಿನಿಂದಲೇ. ವೃದ್ಧಳಾದ ತಾಯಿಯು ಊರನ್ನು ಬಿಟ್ಟುಬರಲು ಒಪ್ಪದ ಕಾರಣ, ನಾವು ನಾಲ್ಕು ವರ್ಷ ಎರಡು ಬಸ್ಸುಗಳನ್ನು ಹತ್ತಿಳಿದು, ಎಪ್ಪತ್ತು ಕಿಲೋಮೀಟರು ದೂರದ ಶಾಲೆಗೆ ಹೋಗಿ ಬರುತ್ತಿದ್ದೆವು. ಬೆಳಗಿನ ಜಾವ ನಾಲ್ಕಕ್ಕೆ ಏಳುವುದು, ರಾತ್ರಿ ಹತ್ತಕ್ಕೆ ಉಣ್ಣುವುದು. ಒಂದು ಮಧ್ಯಾಹ್ನ ಬಹುವ್ರೀಹಿ ಸಮಾಸವನ್ನು ಹೇಳುತ್ತ ಕರಿಹಲಗೆಗೆ ಒರಗಿದವರು ನಿಂತಂತೆಯೇ ನಿದ್ದೆಹೋದೆವು. ಕೈಯಿಂದ ಸೀಮೆಸುಣ್ಣವು ಬಿದ್ದಾಗ ಹುಡುಗರು ನಕ್ಕರು. ಹಾಗೆ ನಕ್ಕವರಲ್ಲಿ ಈ ಶಿಷ್ಯನೂ ಒಬ್ಬನು.

ಜಗಲಿಯಲ್ಲಿ ಅದನ್ನು ನೆನಪಿಸಿದಾಗ ಈ ಸಲ ಆತನು ನಗಲಿಲ್ಲ. ನಾವು ಹೇಳಿದೆವು: “ನೋಡಪ್ಪಾ, ತಾಯಿಗಾಗಿ ನಾನು ಪಟ್ಟ ಶ್ರಮ ನನ್ನದೇ ಎಂದು ತಿಳಿದಿದ್ದೆ. ಆದರೆ ನಾನು ಖರ್ಚುಮಾಡುತ್ತಿದ್ದ ನಿದ್ದೆಯಲ್ಲಿ ನಿಮ್ಮೆಲ್ಲರ ಪಾಲೂ ಇತ್ತು. ನನ್ನ ತಪ್ಪಿನಿಂದ ಒಂದು ಸಮಾಸ ಕೆಟ್ಟಿತು, ಮರುದಿನ ತಿದ್ದಿದೆ. ನಿನ್ನ ಕೆಲಸದಲ್ಲಿ ಮರುದಿನವೆಂಬುದು ಸಿಕ್ಕುತ್ತದೆಯೇ? ಮೈಲಿ, ಬಾಡಿಗೆ ಎರಡನ್ನೂ ಆಮೇಲೆ ಎಣಿಸು. ಮೊದಲು ನಿದ್ದೆಯ ಗಂಟೆಗಳನ್ನು ಎಣಿಸು. ಆ ಲೆಕ್ಕ ಸರಿಬಂದರೆ ಮನೆ ಅಲ್ಲಿಯೇ ಇರಲಿ, ಬಾರದಿದ್ದರೆ ಸಾಗಿಸು.”

ಆತನ ಕಾಗದವು ಮೊನ್ನೆ ಬಂದಿತು. ಮನೆಯನ್ನು ಸಾಗಿಸಿಲ್ಲ. ನ್ಯೂಯಾರ್ಕಿನಲ್ಲಿ ತನ್ನೊಬ್ಬನಿಗೇ ಒಂದು ಸಣ್ಣ ಕೋಣೆಯನ್ನು ಹಿಡಿದಿದ್ದಾನೆ. ಎಷ್ಟೇ ಹಗುರವಾದ ಸರದಿಯಾದರೂ ಹಿಂದಿನ ಸಂಜೆಯೇ ಹೊರಡುವುದೆಂದು ನಿಯಮ ಮಾಡಿಕೊಂಡಿದ್ದಾನೆ. ಒಂದು ಸಲ ಮಗಳ ಹುಟ್ಟುಹಬ್ಬವು ಆ ಸಂಜೆಗೇ ಬಂದಿತಂತೆ. ರಾತ್ರಿ ಉಳಿದು ಮುಂಜಾನೆ ಹೋಗೋಣವೆಂದು ಆತನು ಹಿಂದುಮುಂದು ನೋಡುತ್ತಿದ್ದಾಗ, ಆತನ ಹೆಂಡತಿಯು ಪೆಟ್ಟಿಗೆಯನ್ನು ತಂದು ಬಾಗಿಲ ಬಳಿ ಇಟ್ಟು, “ನಾಳೆ ನಿಮ್ಮ ಹಿಂದೆ ಕುಳಿತುಕೊಳ್ಳುವವರಿಗೂ ಮಕ್ಕಳಿದ್ದಾರೆ, ಹಬ್ಬವನ್ನು ನೀವು ಬಂದ ಮೇಲೆ ಮಾಡೋಣ” ಎಂದಳಂತೆ.

ನಮ್ಮ ಜಗಲಿಯ ಉಪದೇಶಕ್ಕಿಂತ ಆಕೆಯ ಈ ಒಂದು ಮಾತು ಹೆಚ್ಚಿನದೆಂದು ಒಪ್ಪಿ, ಲೇಖನಿಯನ್ನು ಕೆಳಗಿಡುತ್ತೇವೆ.