ಕೋಡಿಯಮಠದಲ್ಲಿ ಆಚಾರ್ಯಪದವಿ ಮತ್ತು ಆಡಳಿತ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯು ಬನವಾಸಿ ಹನ್ನೆರಡುಸಾವಿರ ನಾಡಿನ ರಾಜಧಾನಿಯಾಗಿತ್ತು. ಅಲ್ಲಿನ ದಕ್ಷಿಣ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠವು 11 ಮತ್ತು 12ನೆಯ ಶತಮಾನಗಳಲ್ಲಿ ಕಾಳಾಮುಖ ಶೈವರ ಪ್ರಮುಖ ಕೇಂದ್ರವಾಗಿದ್ದಿತು.

ಮಠದ ಅಧಿಕಾರವು ಗುರುವಿನಿಂದ ಶಿಷ್ಯನಿಗೆ ಸಲ್ಲುತ್ತಿತ್ತು. ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ, ವಿದ್ಯಾಭರಣ, ಗೌತಮ, ವಾಮಶಕ್ತಿ ಮೊದಲಾದವರ ಹೆಸರುಗಳು ಶಾಸನಗಳಲ್ಲಿ ಬರುತ್ತವೆ. ದಾನಿಗಳು ಆಚಾರ್ಯನ ಪಾದ ತೊಳೆದು ಧಾರಾಪೂರ್ವಕವಾಗಿ ಭೂಮಿಯನ್ನು ಒಪ್ಪಿಸುತ್ತಿದ್ದರು. ಆದರೆ ಅದರ ಆದಾಯವು ಆತನ ಸ್ವಂತದ್ದಲ್ಲ. ದೇವರ ಅಂಗಭೋಗ-ರಂಗಭೋಗ, ಜೀರ್ಣೋದ್ಧಾರ, ತಪೋಧನರ ಆಹಾರದಾನ ಹಾಗೂ ವಿದ್ಯಾದಾನಗಳಿಗೆ ಅದು ಮೀಸಲು. ಹೀಗೆ ಪೂಜೆ, ಬೋಧನೆ, ಆಸ್ತಿಯ ಮೇಲ್ವಿಚಾರಣೆ ಮೂರೂ ಒಬ್ಬನಲ್ಲೇ ಕೂಡಿದ್ದವು. ಬಿಜ್ಜಳನ ಕಾಲದ 1162ರ ಶಾಸನವು ವೇದ, ವ್ಯಾಕರಣ, ದರ್ಶನಗಳ ಅಧ್ಯಯನದ ಜೊತೆಗೆ ದೀನರಿಗೆ ಅನ್ನದಾನ, ರೋಗಿಗಳಿಗೆ ಚಿಕಿತ್ಸೆ ನಡೆಯುತ್ತಿದ್ದುದನ್ನೂ ಹೇಳುತ್ತದೆ.

ಈ ಹೊಣೆ ವಿದ್ವಾಂಸನಿಗೆ ಭಾರವಾದುದೂ ಉಂಟು. ಮಠಪಾಲನೆಯು ವಿದ್ಯಾಸುಖಕ್ಕೆ ಅಡ್ಡಿಯೆಂದು ಬಗೆದು ವಿದ್ಯಾಭರಣನು ಮಠವನ್ನು ಶಿಷ್ಯ ಗೌತಮನಿಗೆ ವಹಿಸಿದನೆಂದು ಶಾಸನದಿಂದ ತಿಳಿಯುತ್ತದೆ.

ನೆರೆಯ ಸೊರಬ ತಾಲ್ಲೂಕಿನ ಕುಪ್ಪಟೂರಿನದು ಬೇರೆ ಪದ್ಧತಿ. ಆ ಅಗ್ರಹಾರದ ಆಡಳಿತ ಮಹಾಜನರದು. 11ನೆಯ ಶತಮಾನದ ಉತ್ತರಾರ್ಧದಲ್ಲಿ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿಯು ಅಲ್ಲಿ ಪಾರ್ಶ್ವದೇವ ಚೈತ್ಯಾಲಯವನ್ನು ನಿರ್ಮಿಸಿದಾಗ, ಅದಕ್ಕೆ ಬ್ರಹ್ಮಜಿನಾಲಯವೆಂದು ಹೆಸರಿಟ್ಟವರು ಆ ಬ್ರಾಹ್ಮಣರೇ.

ಒಂದೆಡೆ ಗುರುಪರಂಪರೆ, ಇನ್ನೊಂದೆಡೆ ಸಮೂಹದ ಒಪ್ಪಿಗೆ. ಪಾಂಡಿತ್ಯ ಮತ್ತು ಆಡಳಿತಗಳು ಒಬ್ಬನಲ್ಲೇ ನೆಲೆಸಬೇಕೆಂಬ ಮಠವ್ಯವಸ್ಥೆಯ ಇಕ್ಕಟ್ಟಿಗೆ ವಿದ್ಯಾಭರಣನ ನಿರ್ಧಾರವು ಸ್ಪಷ್ಟ ಸಾಕ್ಷಿಯಾಗಿದೆ.