ಕೆಪಾಸಿಟರ್ ತುಂಬುವಷ್ಟು ಹೊತ್ತು

ಕರೆಂಟ್ ಹೋಗಿ ಬಂದ ಕೂಡಲೇ ಫ್ರಿಜ್ ಓಡಬಾರದು. ಅದಕ್ಕೇ ಅನೇಕ ಸ್ಟೆಬಿಲೈಜರ್‌ಗಳು ಪುಟ್ಟ ದೀಪವೊಂದನ್ನು ಹೊತ್ತಿಸಿ, ಮೂರು ನಿಮಿಷದಷ್ಟು ಕಾಯಿಸಿ, ಆಮೇಲೆ ಕರೆಂಟ್ ಬಿಡುತ್ತವೆ. ಆಗತಾನೆ ನಿಂತ ಕಂಪ್ರೆಸರ್‌ನಲ್ಲಿ ಅನಿಲದ ಒತ್ತಡ ಇನ್ನೂ ಸಮವಾಗಿರುವುದಿಲ್ಲ. ಆಗಲೇ ಎಬ್ಬಿಸಿದರೆ ಮೋಟರ್ ತಿರುಗಲಾಗದೆ ತಿಣುಕಿ, ವಿಪರೀತ ಕರೆಂಟ್ ಎಳೆದು, ವೈಂಡಿಂಗ್ ಸುಟ್ಟುಕೊಂಡೀತು. ಈ ಮೂರು ನಿಮಿಷ ಎಣಿಸಲು ಗಡಿಯಾರ ಬೇಕಿಲ್ಲ. ಒಂದು ರೆಸಿಸ್ಟರ್, ಒಂದು ಕೆಪಾಸಿಟರ್, ಎಂಟು ಕಾಲಿನ ಒಂದು ಐಸಿ ಇದ್ದರಾಯಿತು. ಯಾವ ಬೆಲೆಯ (ದುಡ್ಡಲ್ಲ, ಅಳತೆ) ರೆಸಿಸ್ಟರ್, ಯಾವ ಬೆಲೆಯ ಕೆಪಾಸಿಟರ್ ಎಂದು ಗೊತ್ತುಮಾಡುವುದೇ ಇಲ್ಲಿನ ಕಸುಬು.

ಹಿಂದೆ ಮದುವೆ ಮನೆಗಳಲ್ಲಿ ಮುಹೂರ್ತಕ್ಕೆ ಗಳಿಗೆ ಬಟ್ಟಲು ಇಡುತ್ತಿದ್ದರು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನಲ್ಲಿ ತೇಲಿಬಿಟ್ಟರೆ, ಅದು ತುಂಬಿ ಮುಳುಗುವ ಹೊತ್ತಿಗೆ ಒಂದು ಗಳಿಗೆ, ಅಂದರೆ 24 ನಿಮಿಷ. ತೂತು ಕಿರಿದಾದರೂ ತಡ, ಬಟ್ಟಲು ದೊಡ್ಡದಾದರೂ ತಡ. ಟೈಮರ್‌ನಲ್ಲಿ ತೂತಿನ ಕೆಲಸ ರೆಸಿಸ್ಟರ್‌ನದು, ಬಟ್ಟಲಿನ ಕೆಲಸ ಕೆಪಾಸಿಟರ್‌ನದು. ‘ಮುಳುಗಿತು’ ಎಂದು ಕೂಗಿ ಹೇಳುವ ಕೆಲಸ ಐಸಿಯದು.

ಆ ಐಸಿಯ ಹೆಸರು 555. ಜ್ಯೂರಿಕ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಹಾನ್ಸ್ ಕಾಮೆನ್‌ಜಿಂಡ್ ಎಂಬ ಎಂಜಿನಿಯರ್ 1971ರಲ್ಲಿ ಸಿಗ್ನೆಟಿಕ್ಸ್ ಕಂಪನಿಗಾಗಿ ಗುತ್ತಿಗೆಯ ಮೇಲೆ ಇದನ್ನು ರೂಪಿಸಿದರು. 1972ರಲ್ಲಿ ಮಾರುಕಟ್ಟೆಗೆ ಬಂತು. ಅವರ ಮೊದಲ ನಕ್ಷೆಯಲ್ಲಿ ಕೆಪಾಸಿಟರ್ ತುಂಬಲು ಸ್ಥಿರ ಕರೆಂಟ್ ಕೊಡುವ ಭಾಗವೊಂದು ಐಸಿಯೊಳಗೇ ಇತ್ತು. ಅದರಿಂದ ಒಂಬತ್ತು ಪಿನ್ ಬೇಕಾಗುತ್ತಿತ್ತು, ಎಂಟು ಪಿನ್ನಿನ ಅಗ್ಗದ ಕವಚದಲ್ಲಿ ಅದು ಕೂರುತ್ತಿರಲಿಲ್ಲ. ಆ ಭಾಗವನ್ನು ಕಿತ್ತುಹಾಕಿ ಹೊರಗೊಂದು ರೆಸಿಸ್ಟರ್ ಸಾಕು ಎಂದು ಅವರಿಗೆ ಹೊಳೆದದ್ದು ಆಮೇಲೆ. ಐಸಿಗೆ ಒಂದು ಪಿನ್ ಉಳಿಯಿತು, ಹೊತ್ತು ನಿಗದಿಮಾಡುವ ಅಧಿಕಾರ ಬಳಸುವವರ ಕೈಗೆ ಬಂತು.

ಒಳಗೆ ನಡೆಯುವುದು ಇಷ್ಟು. ಸಮ ಬೆಲೆಯ ಮೂರು ರೆಸಿಸ್ಟರ್‌ಗಳು ಬ್ಯಾಟರಿ ವೋಲ್ಟೇಜನ್ನು ಮೂರು ಪಾಲು ಮಾಡಿಡುತ್ತವೆ. ಸ್ವಿಚ್ ಒತ್ತಿದಾಗ 2ನೇ ಪಿನ್‌ನ ವೋಲ್ಟೇಜ್ ಮೂರನೇ ಒಂದಕ್ಕಿಂತ ಕೆಳಗಿಳಿದು, ಔಟ್‌ಪುಟ್ ಆನ್ ಆಗಿ, ಕೆಪಾಸಿಟರ್ ತುಂಬತೊಡಗುತ್ತದೆ. ಅದು ಮೂರನೇ ಎರಡು ಪಾಲು ಮುಟ್ಟಿದೊಡನೆ ಔಟ್‌ಪುಟ್ ಆಫ್. 7ನೇ ಪಿನ್ ಕೆಪಾಸಿಟರನ್ನು ಬರಿದು ಮಾಡುತ್ತದೆ. ರೆಸಿಸ್ಟರ್ ಮತ್ತು ಕೆಪಾಸಿಟರ್ ಬೆಲೆಗಳ ಗುಣಲಬ್ಧದಷ್ಟು ಹೊತ್ತಿಗೆ ಕೆಪಾಸಿಟರ್ ನೂರಕ್ಕೆ 63ರಷ್ಟು ತುಂಬಿರುತ್ತದೆ. 66.7 ಮುಟ್ಟಲು ಇನ್ನೂ ತುಸು ಹೊತ್ತು ಬೇಕು. ಆದ್ದರಿಂದ ಸೂತ್ರ: ಸಮಯ = 1.1 × ಆರ್ × ಸಿ. ಅಳತೆಯೆಲ್ಲ ಬ್ಯಾಟರಿಯ ಪಾಲಿನಲ್ಲೇ ಇರುವುದರಿಂದ 9 ವೋಲ್ಟ್ ಕೊಟ್ಟರೂ 12 ವೋಲ್ಟ್ ಕೊಟ್ಟರೂ ಹೊತ್ತು ಹೆಚ್ಚುಕಡಿಮೆ ಅದೇ.

ಲೆಕ್ಕಕ್ಕೆ ಕೂರುವಾಗ ಸೊನ್ನೆಗಳ ಗೊಂದಲ ಬೇಡ. ಮೆಗಾ ಓಮ್ ಅನ್ನು ಮೈಕ್ರೋಫ್ಯಾರಡ್‌ನಿಂದ ಗುಣಿಸಿದರೆ ಸೆಕೆಂಡ್, ಕಿಲೋ ಓಮ್ ಅನ್ನು ಗುಣಿಸಿದರೆ ಮಿಲಿಸೆಕೆಂಡ್. ಇದೊಂದು ನೆನಪಿದ್ದರೆ ಅರ್ಧ ಕೆಲಸ ಮುಗಿದಂತೆ. ಇನ್ನೊಂದು ರೂಢಿ, ಮೊದಲು ಕೆಪಾಸಿಟರ್ ಆರಿಸಿಕೊಳ್ಳುವುದು. ದೊಡ್ಡ ಕೆಪಾಸಿಟರ್‌ಗಳು ಅಂಗಡಿಯಲ್ಲಿ 10, 22, 47, 100, 220 ಎಂಬಂತೆ ದೂರ ದೂರದ ಬೆಲೆಗಳಲ್ಲಿ ಸಿಗುತ್ತವೆ. ರೆಸಿಸ್ಟರ್‌ಗಳ ಬೆಲೆಗಳು ಹತ್ತಿರ ಹತ್ತಿರ ಇರುವುದರಿಂದ ಹೊಂದಿಸಿಕೊಳ್ಳುವುದು ಸುಲಭ.

ಮೆಟ್ಟಿಲ ದೀಪ ಒಂದು ನಿಮಿಷ ಉರಿಯಬೇಕು ಎನ್ನೋಣ. ಕೆಪಾಸಿಟರ್ 100 ಮೈಕ್ರೋಫ್ಯಾರಡ್. 60ನ್ನು 110ರಿಂದ ಭಾಗಿಸಿದರೆ 0.545 ಮೆಗಾ ಓಮ್, ಅಂದರೆ 545 ಕಿಲೋ ಓಮ್. ಆ ಬೆಲೆಯದು ಅಂಗಡಿಯಲ್ಲಿ ಸಿಗದು. ಹತ್ತಿರದ್ದು 560 ಕಿಲೋ ಓಮ್: ಹಸಿರು, ನೀಲಿ, ಹಳದಿ ಪಟ್ಟೆ. ಅದನ್ನು ಹಾಕಿದರೆ 61.6 ಸೆಕೆಂಡ್. ಕಾಗದದ ಮೇಲೆ ಪರವಾಗಿಲ್ಲ.

ಬೋರ್ಡಿನ ಮೇಲೆ ಮಾತು ಬೇರೆ. ಸಾಮಾನ್ಯ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ತನ್ನ ಮೈಮೇಲೆ ಬರೆದ ಬೆಲೆಗಿಂತ ನೂರಕ್ಕೆ 20ರಷ್ಟು ಆಚೀಚೆ ಇರಬಹುದು. 100 ಎಂದು ಬರೆದದ್ದು 80 ಇದ್ದರೆ ದೀಪ 49 ಸೆಕೆಂಡಿಗೇ ಆರುತ್ತದೆ. 120 ಇದ್ದರೆ 74 ಸೆಕೆಂಡ್ ಉರಿಯುತ್ತದೆ. ರೆಸಿಸ್ಟರನ್ನು ಎಷ್ಟೇ ಕರಾರುವಾಕ್ಕಾಗಿ ಆರಿಸಿದರೂ ಈ ವ್ಯತ್ಯಾಸ ತಪ್ಪದು. ಅದಕ್ಕೇ ಪಳಗಿದವರು 560ರ ಬದಲು 390 ಕಿಲೋ ಓಮ್‌ನ ರೆಸಿಸ್ಟರ್ ಹಾಕಿ, ಅದರ ಜತೆ ಸರಣಿಯಲ್ಲಿ 470 ಕಿಲೋ ಓಮ್‌ನ ಪ್ರಿಸೆಟ್ ಕೂಡಿಸುತ್ತಾರೆ. ಸ್ಕ್ರೂಡ್ರೈವರ್‌ನಿಂದ ತಿರುಗಿಸಿದಂತೆ ಒಟ್ಟು ಬೆಲೆ 390ರಿಂದ 860ರವರೆಗೆ ಬದಲಾಗುತ್ತದೆ. ಕೆಪಾಸಿಟರ್ 80 ಇದ್ದರೆ ಬೇಕಾಗುವ 682, 120 ಇದ್ದರೆ ಬೇಕಾಗುವ 455 ಎರಡೂ ಅದರೊಳಗೇ ಬರುತ್ತವೆ. ಮೊಬೈಲ್‌ನ ಸ್ಟಾಪ್‌ವಾಚ್ ಮುಂದಿಟ್ಟುಕೊಂಡು ತಿರುಗಿಸುವುದಷ್ಟೇ ಉಳಿಯುವ ಕೆಲಸ.

ಹೊತ್ತು ಉದ್ದವಾದಷ್ಟೂ ತೊಡಕು ಹೆಚ್ಚು. ಫ್ರಿಜ್ಜಿನ 180 ಸೆಕೆಂಡಿಗೆ 220 ಮೈಕ್ರೋಫ್ಯಾರಡ್, ಸುಮಾರು 750 ಕಿಲೋ ಓಮ್ ಎಂದು ಸೂತ್ರ ಹೇಳುತ್ತದೆ. 12 ವೋಲ್ಟ್‌ನಲ್ಲಿ ಕೆಪಾಸಿಟರ್ 8 ವೋಲ್ಟ್‌ಗೆ ಬರುವ ಹೊತ್ತಿಗೆ ರೆಸಿಸ್ಟರ್ ಪಾಲಿಗೆ ಉಳಿಯುವುದು 4 ವೋಲ್ಟ್. ಹರಿಯುವ ಕರೆಂಟ್ 5 ಮೈಕ್ರೋ ಆಂಪಿಯರ್‌ಗಿಂತ ತುಸು ಹೆಚ್ಚು, ಅಷ್ಟೆ. ಆದರೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಳಗೊಳಗೇ ಸೋರುತ್ತದೆ. 220 ಮೈಕ್ರೋಫ್ಯಾರಡ್, 25 ವೋಲ್ಟ್‌ನ ಸಾಮಾನ್ಯ ಕೆಪಾಸಿಟರ್‌ಗೆ 55 ಮೈಕ್ರೋ ಆಂಪಿಯರ್‌ವರೆಗೆ ಸೋರಿಕೆಗೆ ತಯಾರಕರೇ ವಿನಾಯಿತಿ ಕೊಟ್ಟುಕೊಂಡಿರುತ್ತಾರೆ. ಹೊಸದು ಅಷ್ಟೇನೂ ಸೋರುವುದಿಲ್ಲ. ಹಳೆಯದು ಬಂದಷ್ಟನ್ನೂ ಸೋರಿಬಿಟ್ಟರೆ ಮೂರನೇ ಎರಡರ ಗೆರೆ ಮುಟ್ಟುವುದೇ ಇಲ್ಲ. ಟೈಮರ್ ಆನ್ ಆದದ್ದು ಆನ್ ಆಗಿಯೇ ಉಳಿಯುತ್ತದೆ. ಲೆಕ್ಕ ತಪ್ಪಿತೆಂದು ಎಷ್ಟು ಸಲ ಗುಣಿಸಿ ನೋಡಿದರೂ ಈ ದೋಷ ಸಿಕ್ಕದು.

ಇಂಥಲ್ಲಿ ಇನ್ನೂ ದೊಡ್ಡ ಕೆಪಾಸಿಟರ್ ಹುಡುಕುವುದಕ್ಕಿಂತ ಸಣ್ಣ ಹೊತ್ತನ್ನೇ ಹಲವು ಬಾರಿ ಎಣಿಸುವುದು ಮೇಲು. 4060 ಎಂಬ ಐಸಿಯಲ್ಲಿ ಮಿಡಿತ ಹುಟ್ಟಿಸುವ ಭಾಗವೂ ಅದನ್ನು ಎಣಿಸುವ ಭಾಗವೂ ಒಟ್ಟಿಗಿವೆ. ಅದರ ಕೊನೆಯ ಔಟ್‌ಪುಟ್ 8192ನೇ ಮಿಡಿತಕ್ಕೆ ಆನ್ ಆಗುತ್ತದೆ. ಮೂರು ನಿಮಿಷಕ್ಕೆ ಒಂದೊಂದು ಮಿಡಿತವೂ 22 ಮಿಲಿಸೆಕೆಂಡ್ ಇದ್ದರಾಯಿತು. ಅದಕ್ಕೆ 0.1 ಮೈಕ್ರೋಫ್ಯಾರಡ್‌ನ ಪಾಲಿಯೆಸ್ಟರ್ ಕೆಪಾಸಿಟರ್, 100 ಕಿಲೋ ಓಮ್ ಆಸುಪಾಸಿನ ರೆಸಿಸ್ಟರ್ ಸಾಕು. ಸೋರಿಕೆಯ ಚಿಂತೆಯೇ ಇಲ್ಲ.

ಮಿನುಗುವ ಎಲ್‌ಇಡಿ ಬೇಕೆಂದರೆ 555ಕ್ಕೇ ಎರಡು ರೆಸಿಸ್ಟರ್ ಕೊಡಬೇಕು. ತುಂಬುವಾಗ ಕರೆಂಟ್ ಎರಡನ್ನೂ ದಾಟಿ ಬರುತ್ತದೆ, ಬರಿದಾಗುವಾಗ ಎರಡನೆಯದನ್ನು ಮಾತ್ರ. ಮೂರನೇ ಒಂದಕ್ಕೂ ಎರಡಕ್ಕೂ ನಡುವೆ ಓಡಾಡುವುದರಿಂದ ಗುಣಕ ಇಲ್ಲಿ 1.1 ಅಲ್ಲ, 0.693. ಮೊದಲನೆಯದು 10 ಕಿಲೋ ಓಮ್, ಎರಡನೆಯದು 68 ಕಿಲೋ ಓಮ್, ಕೆಪಾಸಿಟರ್ 10 ಮೈಕ್ರೋಫ್ಯಾರಡ್ ಆದರೆ 0.54 ಸೆಕೆಂಡ್ ಉರಿದು 0.47 ಸೆಕೆಂಡ್ ಆರುತ್ತದೆ. ಉರಿಯುವ ಹೊತ್ತು, ಆರುವ ಹೊತ್ತು ಸಮ ಆಗಲೆಂದು ಮೊದಲನೆಯದನ್ನು ತೆಗೆದು ನೇರ ತಂತಿ ಹಾಕುವ ಆಸೆ ಬೇಡ. 7ನೇ ಪಿನ್ ಬ್ಯಾಟರಿಗೆ ಶಾರ್ಟ್ ಆಗಿ ಐಸಿ ಸುಡುತ್ತದೆ.

ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಇವೆಲ್ಲ ಬಿಡಿಬಿಡಿಯಾಗಿ ಸಿಗುತ್ತವೆ. ಮೊದಲು ಬ್ರೆಡ್‌ಬೋರ್ಡ್ ಮೇಲೆ, ಹತ್ತು ಸೆಕೆಂಡಿನ ಟೈಮರ್ ಕಟ್ಟಿ ನೋಡಿ: 10 ಮೈಕ್ರೋಫ್ಯಾರಡ್, 910 ಕಿಲೋ ಓಮ್. 4ನೇ ಪಿನ್ ಬ್ಯಾಟರಿಯ ಪ್ಲಸ್‌ಗೆ, 5ನೇ ಪಿನ್‌ನಿಂದ ನೆಲಕ್ಕೆ (ಅಂದರೆ ಬ್ಯಾಟರಿಯ ಮೈನಸ್‌ಗೆ) 103 ಎಂದು ಬರೆದ ಸಣ್ಣ ಕೆಪಾಸಿಟರ್. ಎಲೆಕ್ಟ್ರೋಲಿಟಿಕ್‌ನ ಮೈನಸ್ ಕಾಲು ನೆಲಕ್ಕೇ ಹೋಗಬೇಕು. ಮುಂದೆ ದೀಪ, ಫ್ರಿಜ್ ನಡೆಸಲು ರಿಲೇ ಜೋಡಿಸುವಾಗ ಅದರ ಕಾಯಿಲ್‌ಗೆ ಅಡ್ಡಲಾಗಿ ಒಂದು ಡಯೋಡ್ ಮರೆಯದೆ ಹಾಕಿ. ರಿಲೇಯ ಆಚೆ ಬದಿಯಲ್ಲಿರುವ 230 ವೋಲ್ಟ್‌ನ ಕೆಲಸವನ್ನು ಮಾತ್ರ ವೈರಿಂಗ್ ಬಲ್ಲವರಿಗೇ ಬಿಡಿ.